ಕಂಬಳಿಯೊಳಗಿನ ಬಂದೂಕು

ನನ್ನ ಗುರಿ ಚೆನ್ನಾಗಿದೆ. ಹೇಳಿಕೊಳ್ಳಲು ನನಗೆ ಸಂಕೋಚವೇನಿಲ್ಲ. ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನುಗಳಲ್ಲಿ ಹುಟ್ಟಿ ಬೆಳೆದವಳು ನಾನು. ನಮ್ಮ ಲೈನಿನ ಹುಣಸೆಮರದಲ್ಲಿ ಯಾವ ಕಾಯಿ ಬೇಕೆಂದು ತೋರಿಸಿದರೆ ಅದನ್ನೇ ಕಲ್ಲು ಬೀರಿ ಕೆಡವುತ್ತಿದ್ದೆ, ಪಕ್ಕದ್ದು ಅಲ್ಲಾಡುತ್ತಿರಲಿಲ್ಲ. ಈಗ ದನದ ಡಾಕ್ಟರು. ಬಂಗಾರಪೇಟೆ ಸುತ್ತಿನ ಹಸು, ಎಮ್ಮೆ, ಕುರಿ, ಮೇಕೆಗಳ ಜೊತೆಗೆ, ಅರಣ್ಯದವರು ಕರೆದಾಗ ಕಾಡುಪ್ರಾಣಿಗಳಿಗೆ ಮದ್ದಿನ ಬಂದೂಕು ಹಾರಿಸುವುದೂ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ಗುಂಡಿರುವುದಿಲ್ಲ. ಹಿಂದೆ ಕೆಂಪು ಕುಚ್ಚಿರುವ ಒಂದು ಸಿರಿಂಜು ಗ್ಯಾಸಿನ ಒತ್ತಡಕ್ಕೆ ಹಾರಿಹೋಗಿ ಪ್ರಾಣಿಯ ತೊಡೆಗೆ ನಾಟಿಕೊಳ್ಳುತ್ತದೆ, ಸ್ವಲ್ಪ ಹೊತ್ತಿನಲ್ಲಿ ಅದಕ್ಕೆ ಮಂಪರು ಹತ್ತಿ ಮಲಗುತ್ತದೆ. ಸದ್ದು ಬಾಗಿಲಿಗೆ ಚಿಲಕ ಹಾಕಿದಷ್ಟು.

ಆದರೆ ಈ ಕೆಲಸದಲ್ಲಿ ಗುರಿ ಇಡುವುದು ತೀರಾ ಸಣ್ಣ ಭಾಗ. ಕಷ್ಟವೆಲ್ಲ ಇರುವುದು ಜನರ ಕಣ್ಣು ತಪ್ಪಿಸುವುದರಲ್ಲಿ.

ನಮ್ಮ ಕಡೆಯ ಜಿಂಕೆಗಳಿಗೆ ಅವುಗಳದೇ ಆದ ಕಾಡು ಎಂಬುದಿಲ್ಲ. ಪುಸ್ತಕದಲ್ಲಿ ಅವುಗಳ ಹೆಸರು ಕೃಷ್ಣಮೃಗ, ಊರಿನವರ ಬಾಯಲ್ಲಿ ಬರೀ ಜಿಂಕೆ. ಚಾಂಪಿಯನ್ ರೀಫ್ಸ್ ಗಣಿಯ ಹಿಂದೆ, ಚಿನ್ನ ಸೋಸಿ ಬಿಟ್ಟ ಮಣ್ಣಿನ ಸೈನೈಡ್ ಗುಡ್ಡಗಳು ಮುಗಿದು ಬಯಲು ಬೇತಮಂಗಲದ ಕಡೆಗೆ ಇಳಿಯುತ್ತದಲ್ಲ, ಅಲ್ಲಿನ ಹುಲ್ಲು, ನೀಲಗಿರಿ ತೋಪು, ಹುರುಳಿ ಹೊಲ, ಟೊಮೇಟೊ ತೋಟಗಳ ನಡುವೆಯೇ ಅವುಗಳ ಸಂಸಾರ. ಅದೇ ಬಯಲಿಗೆ ಬೆಳಗಾದರೆ ಸಕ್ಕರೆ ಕಾಯಿಲೆಯವರು ವಾಕಿಂಗಿಗೆ ಬರುತ್ತಾರೆ. ಹುಡುಗರು ಅಲ್ಲಲ್ಲಿ ವಿಕೆಟ್ ನೆಟ್ಟು ಕ್ರಿಕೆಟ್ ಆಡುತ್ತಾರೆ. ಗಂಡಂದಿರು ಹೆಂಡತಿಯರಿಗೆ ಸ್ಕೂಟರ್ ಕಲಿಸುತ್ತಾ ಜಗಳವಾಡುತ್ತಾರೆ. ಮದುವೆಗೆ ಮುಂಚೆ ಫೋಟೊ ತೆಗೆಸಲು ಜೋಡಿಗಳು ಗುಡ್ಡ ಹತ್ತುತ್ತಾರೆ, ಗಾಳಿಗೆ ಹಾರುವ ಗೌನಿನ ತುದಿ ಹಿಡಿದುಕೊಳ್ಳಲು ಅವರ ಜೊತೆಗೊಬ್ಬ. ಸೌದೆ ಆರಿಸುವವರು, ಚೊಂಬು ಹಿಡಿದು ಬಂದವರು, ಸುಮ್ಮನೆ ಬಂದವರು. ಇದು ಎಲ್ಲರ ಜಾಗ, ಯಾರನ್ನೂ ಬರಬೇಡಿ ಎನ್ನುವ ಹಾಗಿಲ್ಲ.

ನಮ್ಮ ಜನರಿಗೆ ಪ್ರಾಣಿಯ ಮೇಲೆ ದ್ವೇಷವಿಲ್ಲ, ಪ್ರೀತಿಯೇ ಇದೆ. ಆ ಪ್ರೀತಿಯೇ ತಂಟೆ. ಕೈಯಲ್ಲಿ ಏನೋ ಹಿಡಿದುಕೊಂಡು ಹೋಗುವವರನ್ನು ಏನದು, ಎಲ್ಲಿಗೆ, ಯಾಕೆ ಎಂದು ಕೇಳದೆ ಬಿಡುವವರಲ್ಲ. ಉತ್ತರ ಸಿಕ್ಕಿತೋ, ಫೋನ್ ಮಾಡಿ ಇನ್ನಿಬ್ಬರನ್ನು ಕರೆಸುತ್ತಾರೆ. ಜಿಂಕೆಯ ಎದೆ ಬಲು ಪುಕ್ಕಲು. ಜನ ಮುತ್ತಿ ಗದ್ದಲವೆಬ್ಬಿಸಿ ಅಟ್ಟಾಡಿಸಿದರೆ ಮೈಮೇಲೆ ಒಂದು ಗೀರು ಬೀಳದೆಯೇ ಸತ್ತುಹೋಗುತ್ತದೆ. ಹೀಗಾಗಿ ನಾನು ಬಂದೂಕು ಎತ್ತುವುದಕ್ಕಿಂತ ಹೆಚ್ಚು ಅದನ್ನು ಬಚ್ಚಿಡುವುದನ್ನು ಕಲಿತಿದ್ದೇನೆ.

ನಾನು ಹೇಳಹೊರಟಿರುವ ಜಿಂಕೆ ಒಂದು ಗಂಡು, ಬೆನ್ನು ಕರ್ರಗೆ ಮಿಂಚುವ ವಯಸ್ಸಿನದು. ಟೊಮೇಟೊ ತೋಟಕ್ಕೆ ನುಗ್ಗುವ ಹಂದಿಗಳಿಗೆಂದು ಯಾರೋ ಬೈಕಿನ ಕ್ಲಚ್ ವೈರಿನಿಂದ ಉರುಳು ಮಾಡಿ ಇಟ್ಟಿದ್ದರು. ಜಿಂಕೆ ಅದಕ್ಕೆ ಕತ್ತು ಕೊಟ್ಟು, ಗೂಟವನ್ನೇ ಕಿತ್ತುಕೊಂಡು ಓಡಿತ್ತು. ಗೂಟ ಎಲ್ಲೋ ಬಿತ್ತು, ವೈರು ಕತ್ತಿನಲ್ಲೇ ಉಳಿಯಿತು. ಮೇಯಲು ತಲೆ ತಗ್ಗಿಸಿದಾಗಲೆಲ್ಲ ಜೋಲುವ ತುದಿ ಗಿಡಕ್ಕೆ ಸಿಕ್ಕಿ ಕುಣಿಕೆ ಬಿಗಿಯುತ್ತಿತ್ತು. ದುರ್ಬೀನಿನಲ್ಲಿ ನೋಡಿದಾಗ ವೈರು ಚರ್ಮದೊಳಗೆ ಇಳಿದಿತ್ತು, ಸುತ್ತ ನೊಣ. ಬೇಗ ಬಿಡಿಸದಿದ್ದರೆ ಉಳಿಯುವ ಮಾತಿರಲಿಲ್ಲ.

ಮೊದಲ ಸಲ ಇಲಾಖೆಯ ಜೀಪಿನಲ್ಲಿ ಹೋಗಿ ಕೆಟ್ಟೆವು. ಜೀಪು ನಿಂತಿದ್ದೇ ತಡ, ಕ್ರಿಕೆಟ್ಟಿನವರು ಬ್ಯಾಟು ಹಿಡಿದುಕೊಂಡೇ ಬಂದರು. ಜೋಡಿಯ ಫೋಟೊ ತೆಗೆಯುತ್ತಿದ್ದವನು ಕ್ಯಾಮೆರಾ ನಮ್ಮ ಕಡೆಗೆ ತಿರುಗಿಸಿದ. ಜಿಂಕೆ ಖಾಕಿ ಕಂಡ ಕೂಡಲೇ ಗಾಳಿಯಾಯಿತು. ನಾನು ಸಿಟ್ಟಿನಲ್ಲಿ ಜೊತೆಗಿದ್ದ ಅರಣ್ಯದ ಗಾರ್ಡ್‌ಗೆ ಹೇಳಿದೆ, ಇನ್ನು ಮೇಲೆ ಜೀಪೂ ಬೇಡ ಯೂನಿಫಾರಮ್ಮೂ ಬೇಡ, ಲುಂಗಿ ಉಟ್ಟು ಬಾ ಎಂದು. ಅವನು ನಿಜವಾಗಿಯೂ ಲುಂಗಿಯಲ್ಲೇ ಬಂದುಬಿಡುತ್ತಾನೆಂದು ನಾನು ಎಣಿಸಿರಲಿಲ್ಲ.

ದಾರಿ ತೋರಿಸಿದ್ದು ಕುರಿ ಮೇಯಿಸುವ ನಮ್ಮ ಕುರಿ ಅಕ್ಕ. ಬಯಲಿನ ಅಂಚಿನ ಹಳ್ಳಿಯವಳು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು, ಗಂಡನಿಲ್ಲದವಳು. ಆಕೆಯ ಕುರಿಗಳಿಗೆ ನಾನೇ ಲಸಿಕೆ ಹಾಕುವವಳಾದ್ದರಿಂದ ಹಳೆಯ ಪರಿಚಯ. ಜಿಂಕೆಯ ಕತ್ತಿನ ವೈರನ್ನು ಮೊದಲು ನೋಡಿ ನನಗೆ ಫೋನ್ ಮಾಡಿಸಿದವಳೂ ಆಕೆಯೇ.

“ಅದು ನನ್ ಕುರೀಗೆ ಎದ್ರಲ್ಲ ಡಾಕ್ಟ್ರಮ್ಮ,” ಎಂದಳು. “ಮಂದೆ ಪಕ್ಕಾನೇ ಮೇಯ್ತೈತೆ. ನಾನು ಕಂಬ್ಳಿ ಒದ್ಕೊಂಡು ಓದ್ರೆ ತಲೆ ಎತ್ತಿ ನೋಡೋದೂ ಇಲ್ಲ. ಪ್ಯಾಂಟು ಕಂಡ್ರೆ ಓಡ್ತೈತೆ.”

“ಹಾಗಾದರೆ ನನಗೂ ಒಂದು ಕಂಬಳಿ ಕೊಡಕ್ಕ.”

“ವಾಸ್ನೆ ಬತ್ತೈತೆ, ತಡ್ಕಂತೀರಾ?”

ಎಮ್ಮೆಯ ಹೊಟ್ಟೆಯೊಳಗೆ ಭುಜದವರೆಗೆ ಕೈ ಹಾಕುವವಳನ್ನು ಕೇಳುವ ಪ್ರಶ್ನೆಯೇ ಇದು!

ಕುರಿ ಅಕ್ಕನ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಒಂದು ಸಲ ಲಸಿಕೆ ಹಾಕಲು ಹೋಗಿದ್ದಾಗ ಕುಡಿಯಲು ನೀರು ಕೇಳಿದೆ. ಆಕೆ ಟೀ ಕಾಯಿಸಿ ಕೊಟ್ಟಳು, ನೀರನ್ನು ಮಾತ್ರ ಪಕ್ಕದ ಮನೆಯವಳಿಂದ ತರಿಸಿಕೊಟ್ಟಳು. ಮನೆಯಲ್ಲಿ ಕೊಡ ತುಂಬ ನೀರಿತ್ತು. ನನಗೆ ವಿಚಿತ್ರವೆನಿಸಿತು. ಅಷ್ಟರಲ್ಲಿ ಒಬ್ಬ ಗಂಡಸು ಓಡೋಡಿ ಬಂದು, “ಅಕ್ಕೋ, ನಮ್ಮಪ್ಪಂಗೆ ಮ್ಯಾಲುಸ್ರು ಅತ್ತೈತೆ, ಬಾ,” ಎಂದ. ಆಕೆ ಹಿಡಿದಿದ್ದ ಟಗರನ್ನು ನನ್ನ ಕೈಗೆ ಕೊಟ್ಟು, ಕೈಕಾಲು ತೊಳೆದು, ಗೂಡಿನಲ್ಲಿದ್ದ ಪುಟ್ಟ ಹಿತ್ತಾಳೆ ಚೊಂಬು ತೆಗೆದುಕೊಂಡು ಹೊರಟೇಬಿಟ್ಟಳು. ನಾನು ಟಗರಿನ ಕೊಂಬು ಹಿಡಿದು ಅಂಗಳದಲ್ಲಿ ನಿಂತೇ ಇದ್ದೆ.

ಪಕ್ಕದ ಮನೆಯವಳು ಹೇಳಿದಳು. ಸಾಯುವವರ ಬಾಯಿಗೆ ಕೊನೆಯ ನೀರು ಬಿಡಲು ಊರಿನವರೆಲ್ಲ ಕರೆಯುವುದು ಕುರಿ ಅಕ್ಕನನ್ನೇ. ಮೊದಲು ಅತ್ತೆಗೆ ಬಿಟ್ಟಳು, ಆಮೇಲೆ ಗಂಡನಿಗೆ. ಇಬ್ಬರೂ ನಿದ್ದೆ ಹೋದಂತೆ ಹೋದರು. ಅಂದಿನಿಂದ ಆಕೆಯ ಕೈ ತಣ್ಣನೆಯ ಕೈ, ಆ ನೀರು ಒಳಗೆ ಇಳಿದರೆ ಜೀವ ಒದ್ದಾಡದೆ ಹೋಗುತ್ತದೆ ಎಂಬ ಮಾತು ಹುಟ್ಟಿಕೊಂಡಿತು. ಹಾಗಾಗಿ ಕರೆಯುತ್ತಾರೆ, ಕೈಮುಗಿಯುತ್ತಾರೆ, ಕಾಲಿಗೂ ಬೀಳುತ್ತಾರೆ. ಆದರೆ ಗಟ್ಟಿಮುಟ್ಟಾಗಿ ಇರುವವರು ಯಾರೂ ಆಕೆಯ ಕೈಯಿಂದ ನೀರು ಕುಡಿಯುವುದಿಲ್ಲ. ಕಳೆ ಕೀಳುವ ಕಡೆ ಆಕೆ ನೀರಿನ ಬಾಟ್ಲಿ ಚಾಚಿದರೆ, ಉರಿಬಿಸಿಲಿನಲ್ಲೂ “ದಾಹ ಇಲ್ಲಕ್ಕ” ಎನ್ನುತ್ತಾರೆ. ಆಕೆಯೂ ಚಾಚುವುದನ್ನು ಬಿಟ್ಟಳು. ಕೇಳಿ ನನಗೆ ಮೈ ಉರಿಯಿತು. ಬೇಕಾದಾಗ ಕರೆಯುವುದು, ಬೇಡವಾದಾಗ ದೂರ ಇಡುವುದು, ಇದೆಂಥ ನ್ಯಾಯ? ಕುರಿ ಅಕ್ಕನ ಮುಂದೆ ಇದನ್ನು ಎತ್ತಿದಾಗ ಆಕೆ ನಕ್ಕಳು. “ಅವ್ರ್ ಎದ್ರಿಕೆ ಅವ್ರ್ದು ಕಣಮ್ಮ,” ಎಂದಳಷ್ಟೆ.

ಹೊರಟದ್ದು ಚಳಿಗಾಲದ ಒಂದು ಬೆಳಗ್ಗೆ. ಬಿಸಿಲಿನಲ್ಲಿ ಮದ್ದು ಹಾಕಿದರೆ ಜಿಂಕೆಯ ಮೈ ಕಾಯುತ್ತದೆ, ಅದಕ್ಕೇ ಇಬ್ಬನಿ ಆರುವ ಮುಂಚೆ ಮುಗಿಸಬೇಕಿತ್ತು. ತಲೆಯ ಮೇಲೆ ಕಂಬಳಿ ಕೊಪ್ಪೆ, ಒಳಗೆ ಎದೆಗೆ ಒತ್ತಿ ಹಿಡಿದ ಬಂದೂಕು, ಕೆಳಗೆ ಕುರಿ ಅಕ್ಕನ ಹಳೆಯ ಸೀರೆ, ಕಾಲಿಗೆ ಹವಾಯಿ ಚಪ್ಪಲಿ. ಗಾರ್ಡ್ ಲುಂಗಿಯುಟ್ಟು, ನನ್ನ ಔಷಧದ ಬ್ಯಾಗನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ನೀಲಗಿರಿ ತೋಪಿನ ಹಿಂದೆ ಕುಳಿತ. ಕುರಿ ಅಕ್ಕನಿಗೆ ನಾನು ಎಲ್ಲವನ್ನೂ ವಿವರಿಸಿದ್ದೆ, ಅಂದರೆ ವಿವರಿಸಿದ್ದೇನೆ ಎಂದುಕೊಂಡಿದ್ದೆ. ಸೂಜಿ ನಾಟುತ್ತದೆ, ಅದು ಸ್ವಲ್ಪ ಓಡುತ್ತದೆ, ಮಲಗುತ್ತದೆ, ನಾವು ವೈರು ಕತ್ತರಿಸುತ್ತೇವೆ, ಎಬ್ಬಿಸುತ್ತೇವೆ. ಆಕೆ ತಲೆಯಾಡಿಸಿದ್ದಳು.

ಕುರಿಗಳ ನಡುವೆ ಹೆಜ್ಜೆ ಹಾಕುವುದೇ ಒಂದು ವಿದ್ಯೆ. ಅವುಗಳಿಗಿಂತ ಬೇಗ ಹೋಗಬಾರದು. ಜಿಂಕೆಯನ್ನು ನೇರವಾಗಿ ನೋಡಬಾರದು. ನಡುನಡುವೆ ಬಗ್ಗಿ ಕಡ್ಡಿ ಆರಿಸಬೇಕು, ಕೆಮ್ಮಬೇಕು, ಒಂದು ಕುರಿಯನ್ನಾದರೂ ಬೈಯಬೇಕು. ಬೈಯುವುದು ನನಗೆ ಸುಲಭವಾಗಿ ಬಂತು. ವಾಕಿಂಗಿನ ಒಬ್ಬ ಹಿರಿಯರು ಮಫ್ಲರ್ ಸರಿಮಾಡಿಕೊಳ್ಳುತ್ತಾ, “ಏನಮ್ಮಾ, ಇವತ್ತು ಇಬ್ರು?” ಎಂದು ಕುರಿ ಅಕ್ಕನನ್ನು ಕೇಳಿದರು.

“ನಮ್ ಚಿಕ್ಕಮ್ಮನ್ ಮಗ್ಳು ಸಾಮಿ. ಬಾಯಿ ಬರಾಕಿಲ್ಲ,” ಎಂದಳು ಆಕೆ.

ನನ್ನ ಬಗ್ಗೆ ಯಾರೂ ಇಂಥ ಮಾತು ಆಡಿರಲಿಲ್ಲ. ಕಂಬಳಿಯೊಳಗೆ ನಗು ತಡೆಯಲು ತುಟಿ ಕಚ್ಚಿಕೊಂಡೆ.

ಜಿಂಕೆ ಹುರುಳಿ ಹೊಲದ ಬದುವಿನಲ್ಲಿ ನಿಂತಿತ್ತು. ಕುರಿಗಳು ಮೇಯುತ್ತಾ ಅದರ ಕಡೆಗೆ ಹರಡಿಕೊಂಡವು, ನಾವೂ ಅವುಗಳ ಜೊತೆ ಸರಿದೆವು. ಅದು ತಲೆ ತಗ್ಗಿಸಿತು, ವೈರಿನ ತುದಿ ಹುರುಳಿ ಬಳ್ಳಿಗೆ ಸಿಕ್ಕಿತು, ಕತ್ತು ಕೊಡವಿ ಮತ್ತೆ ನಿಂತಿತು. ಬಾಯಲ್ಲಿ ಒಂದು ಎಲೆಯೂ ಇರಲಿಲ್ಲ. ಮೇವಿನ ನಡುವೆ ನಿಂತೂ ಅದಕ್ಕೆ ಮೇಯಲಾಗುತ್ತಿರಲಿಲ್ಲ. ಒಂದು ಮೊಣಕಾಲೂರಿ ಕುಳಿತೆ. ಕುರಿ ಅಕ್ಕ ನನ್ನ ಮುಂದೆ ಕೋಲು ಊರಿಕೊಂಡು ಮರೆಯಾಗಿ ನಿಂತಳು. ಕಂಬಳಿಯ ಅಂಚಿನಿಂದ ನಳಿಗೆಯ ತುದಿಯಷ್ಟೇ ಹೊರಗೆ ಬಂತು. ಉಸಿರು ಅರ್ಧ ಬಿಟ್ಟು, ಹಿಡಿದು, ಟ್ರಿಗರ್ ಎಳೆದೆ.

ಟಕ್. ಕೆಂಪು ಕುಚ್ಚು ತೊಡೆಯ ದಪ್ಪ ಮಾಂಸದ ಮೇಲೆ, ನಾನು ಎಲ್ಲಿ ಇಡಬೇಕೆಂದಿದ್ದೆನೋ ಅಲ್ಲೇ ಕೂತಿತು. ಜಿಂಕೆ ಒಮ್ಮೆ ಮೇಲಕ್ಕೆ ನೆಗೆದು ನಾಗಾಲೋಟದಲ್ಲಿ ಹೊರಟಿತು. ಬೆನ್ನಟ್ಟಬಾರದು, ಅಟ್ಟಿದರೆ ಮದ್ದು ಹತ್ತುವ ಮುಂಚೆ ಮೈಲಿಗಟ್ಟಲೆ ಓಡುತ್ತದೆ. ಹಾಗಾಗಿ ಕುಳಿತಲ್ಲೇ ಕುಳಿತು ಅದು ಹೋದ ದಿಕ್ಕನ್ನು ಕಣ್ಣಿನಲ್ಲೇ ಹಿಡಿದುಕೊಂಡೆ. ಅದು ಟಾರು ರಸ್ತೆ ದಾಟಿ ಆಚೆಯ ಹಳ್ಳದ ಕಡೆಗೆ ಇಳಿಯಿತು. ನಡಿಗೆ ಆಗಲೇ ತೊಡರುತ್ತಿತ್ತು. ಎಲ್ಲವೂ ನನ್ನ ಲೆಕ್ಕದಂತೆಯೇ ನಡೆದಿತ್ತು. ಕುರಿ ಅಕ್ಕ ಕುರಿಗಳನ್ನು ತಿರುಗಿಸುವವಳಂತೆ ರಸ್ತೆಯ ಮೋರಿಯ ಕೆಳಗಿನಿಂದ ಹಳ್ಳಕ್ಕೆ ಹೋದಳು. ದೂರದಿಂದ ಕಣ್ಣಿಟ್ಟಿರು ಎಂದು ನಾನೇ ಹೇಳಿದ್ದೆ.

ಸ್ವಲ್ಪ ಹೊತ್ತು ಬಿಟ್ಟು ಎದ್ದು ರಸ್ತೆಗೆ ಬಂದೆ. ಅಲ್ಲಿ ನನ್ನ ಲೆಕ್ಕ ತಪ್ಪಿತು. ಬೆಳಗಿನ ರೈಲಿಗೆಂದು ಬೈಕುಗಳಲ್ಲಿ ಹೊರಟಿದ್ದವರು ಬಾಲಕ್ಕೆ ಕೆಂಪು ಕುಚ್ಚು ಸಿಕ್ಕಿಸಿಕೊಂಡಂತೆ ಓಡಿದ ಜಿಂಕೆಯನ್ನು ಕಂಡು ನಿಲ್ಲಿಸಿದ್ದರು. ಅವರಿಗೆ ಎದುರಾದದ್ದು ಕಂಬಳಿ ಹೊದ್ದ ಒಬ್ಬ ಹೆಂಗಸು, ಕಂಬಳಿಯೊಳಗಿನಿಂದ ಇಣುಕುವ ಬಂದೂಕು. ಅವರೇನು ತಿಳಿಯಬೇಕು ಪಾಪ? ಬೈಕುಗಳನ್ನು ಅಡ್ಡ ಹಾಕಿದರು.

“ಮಾನೆ ಸುಟ್ಟುಟ್ಟಿಯಾ?” ಜಿಂಕೆಗೆ ಗುಂಡು ಹೊಡೆದೆಯಾ ಎಂದು ಒಬ್ಬ ತಮಿಳಿನಲ್ಲಿ ಗದರಿದ. “ಜಿಂಕನಿ ಚಂಪೇಸಿಂದಿರಾ!” ಕೊಂದೇಬಿಟ್ಟಳು ಎಂದು ಇನ್ನೊಬ್ಬ ತೆಲುಗಿನಲ್ಲಿ ಕೂಗಿದ. ಮೂರನೆಯವನು ಕನ್ನಡದಲ್ಲಿ, “ಬಂದೂಕ್ನ ಕಿತ್ಕೊಳ್ರೋ, ವೀಡ್ಯೋ ತಗೀರೋ,” ಎಂದ. ಹೀಗೆ ಮೂರೂ ಭಾಷೆಯಲ್ಲಿ ನಾನು ಕಳ್ಳಬೇಟೆಗಾರ್ತಿಯಾದೆ. ನಾನೂ ಮೂರೂ ಭಾಷೆಯಲ್ಲಿ ಡಾಕ್ಟರೆಂದೆ. ನಂಬುವವರು ಯಾರು? ಅಷ್ಟರಲ್ಲಿ ಗಾರ್ಡ್ ಗೋಣಿಚೀಲ ಹೊತ್ತು, ಲುಂಗಿ ಎತ್ತಿ ಕಟ್ಟಿ ಓಡಿ ಬಂದು, “ನಾನು ಫಾರೆಸ್ಟ್ ಡಿಪಾರ್ಟ್‌ಮೆಂಟು!” ಎಂದ. ಗುರುತಿನ ಚೀಟಿ ಖಾಕಿ ಪ್ಯಾಂಟಿನಲ್ಲಿತ್ತು, ಪ್ಯಾಂಟು ಜೀಪಿನಲ್ಲಿತ್ತು, ಜೀಪು ನನ್ನ ಅಪ್ಪಣೆಯ ಮೇರೆಗೆ ಎಲ್ಲೋ ದೂರದಲ್ಲಿತ್ತು. “ಮಾಂಸ ತುಂಬೋಕೆ ಚೀಲಾನೂ ತಂದವ್ನೆ ನೋಡ್ರೋ,” ಎಂದರು.

ಆಚೆ ಜಿಂಕೆ ಬಿದ್ದಿರುತ್ತದೆ. ಬಿದ್ದ ಪ್ರಾಣಿಯ ತಲೆ ಎತ್ತಿ ಇಡಬೇಕು, ಕಣ್ಣು ಮುಚ್ಚಬೇಕು, ಉಸಿರು ನೋಡಬೇಕು, ಕಾಯಲು ಪುರುಸೊತ್ತಿಲ್ಲ. ನನ್ನ ತಾಳ್ಮೆ ಮೊದಲೇ ಗಿಡ್ಡ. ಕಂಬಳಿಯನ್ನು ಕಿತ್ತು ಹೆಗಲಿಗೆ ಎಸೆದುಕೊಂಡು ಶುರುಮಾಡಿದೆ.

“ಲೋ, ಅಡ್ಡ ನಿಂತು ಅದರ ಪ್ರಾಣ ತೆಗೀತಿದೀರಲ್ರೋ! ನಾನು ಹೊಡೆದಿರೋದು ಮದ್ದು, ಗುಂಡಲ್ಲ. ಅಲ್ಲಿ ಅದು ಸತ್ತರೆ ನಿಮ್ಮ ತಲೆ ಮೇಲೆ ಬರುತ್ತೆ. ಎಮ್ಮೆ ಥರ ನಿಂತಿದೀರಲ್ಲ, ಎಮ್ಮೆಯಾದರೂ ಬಾಲ ತಿರುಚಿದರೆ ಜರುಗುತ್ತೆ! ಜರುಗ್ರೋ!”

ಕನ್ನಡದವನು ಫೋನ್ ಕೆಳಗಿಳಿಸಿದ. ಅವನ ಮುಖ ಬದಲಾಯಿತು. “ಏ, ಬುಡ್ರೋ, ದಾರಿ ಬುಡ್ರೋ! ಇವ್ರು ದನದಾಸ್ಪತ್ರೆ ಡಾಕ್ಟ್ರಮ್ಮ ಕಣ್ರೋ. ನಮ್ ಅಸು ಕರ ಆಕಕ್ಕೆ ತಿಣುಕ್ತಿದ್ದಾಗ ಬಂದು ನಮ್ಮಪ್ಪಂಗೆ ಇಂಗೇ ಉಗುದ್ರು. ಇದೇ ಬೈಗ್ಳ!”

ನನ್ನ ಗುರುತಿನ ಚೀಟಿ ನನ್ನ ಬಾಯಲ್ಲೇ ಇದ್ದದ್ದು ನನಗೂ ಗೊತ್ತಿರಲಿಲ್ಲ. ಅವನು ಕುರಿ ಅಕ್ಕನ ಊರಿನವನೇ ಆಗಿದ್ದ. ಎಲ್ಲರೂ ಸರಿದರು. ಸರಿದಿದ್ದಷ್ಟೇ ಅಲ್ಲ, ನಾನು ಓಡಿದಾಗ ಹಿಂದೆಯೇ ಓಡಿಬಂದರು. ಮಾತಾಡಿದರೆ ನಾಲಗೆ ಕೀಳುತ್ತೇನೆ ಎಂದೆ, ಸದ್ದಿಲ್ಲದೆ ಬಂದರು.

ಹಳ್ಳದ ಏರಿ ಹತ್ತಿ ಕೆಳಗೆ ನೋಡಿದೆ. ಜಿಂಕೆ ಮರಳಿನ ಮೇಲೆ ಒರಗಿತ್ತು. ಕುರಿ ಅಕ್ಕ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಎಡಗೈಯಲ್ಲಿ ಅದರ ಬಾಯಿ ತೆರೆದು ಹಿಡಿದು, ಬಲಗೈಯ ಬಾಟ್ಲಿಯಿಂದ ನಿಧಾನವಾಗಿ ನೀರು ಬಿಡುತ್ತಿದ್ದಳು.

“ಅಕ್ಕಾ! ಬಿಡಬೇಡ! ನೀರು ಬಿಡಬೇಡ!”

ಆಕೆ ತಲೆ ಎತ್ತಿದಳು. ಕಣ್ಣು ತುಂಬಿತ್ತು. “ಓಯ್ತು ಕಣಮ್ಮ. ಕಣ್ ಬುಟ್ಕೊಂಡೇ ಓಯ್ತು. ನಾಲ್ಗೆ ಆಚೆ ಬಂದ್ಬುಡ್ತು. ಒಂಟಿಯಾಗಿ ಓಗ್ಬಾರ್ದು ಅಂತ...”

ಆಗ ನನಗೆ ಅರ್ಥವಾಯಿತು. ಆ ಮದ್ದಿಗೆ ಪ್ರಾಣಿಯ ಕಣ್ಣು ಮುಚ್ಚುವುದಿಲ್ಲ, ತೆರೆದೇ ಇರುತ್ತದೆ, ರೆಪ್ಪೆ ಬಡಿಯುವುದಿಲ್ಲ. ನಾಲಗೆ ಜೋಲುತ್ತದೆ. ಮಲಗುತ್ತದೆ ಎಂದಿದ್ದೆ, ಹೇಗೆ ಮಲಗುತ್ತದೆಂದು ಹೇಳಿರಲಿಲ್ಲ. ಎಷ್ಟೋ ಸಾವಿನ ಪಕ್ಕ ಕುಳಿತವಳಿಗೆ ಆ ಕಣ್ಣು, ಆ ನಾಲಗೆ ಹೇಳಿದ ಅರ್ಥ ಒಂದೇ. ಡಾಕ್ಟರಮ್ಮನ ಲೆಕ್ಕ ಎಲ್ಲೋ ತಪ್ಪಿತು, ಪ್ರಾಣಿ ಹೊರಟಿತು ಎಂದುಕೊಂಡು ಆಕೆ ತನಗೆ ಗೊತ್ತಿದ್ದದ್ದನ್ನು ಮಾಡಿದಳು. ಕುರಿಗಳಿಗೆ ಬಿದಿರಿನ ಗೊಟ್ಟದಲ್ಲಿ ಔಷಧಿ ಕುಡಿಸುವಾಗ ಗುಟುಕು ನುಂಗುವುದನ್ನು ನೋಡಿಕೊಂಡೇ ಕುಡಿಸುವ ಹೆಂಗಸು ಆಕೆ, ಶ್ವಾಸಕ್ಕೆ ಹೋದರೆ ಕುರಿ ಸಾಯುತ್ತದೆಂದು ಗೊತ್ತಿಲ್ಲದವಳಲ್ಲ. ಆದರೆ ಕೊನೆಯ ನೀರನ್ನು ಯಾರೂ ನುಂಗಲಿ ಎಂದು ಬಿಡುವುದಿಲ್ಲ.

ಜಿಂಕೆಗೆ ಜೀವವಿತ್ತು. ನುಂಗುವ ಶಕ್ತಿ ಇರಲಿಲ್ಲ. ಗಂಟಲಿನಲ್ಲಿ ಗೊರಗೊರ ಸದ್ದು ಕೇಳುತ್ತಿತ್ತು.

“ಹಿಂಗಾಲು ಎತ್ತು!” ಎಂದೆ ಗಾರ್ಡ್‌ಗೆ. ಅವನು ಗೋಣಿಚೀಲ ಎಸೆದು ಹಿಂಗಾಲು ಹಿಡಿದು ಎತ್ತಿದ. ನಾನು ತಲೆಯನ್ನು ಇಳಿಜಾರಿಗೆ ತಿರುಗಿಸಿ, ನಾಲಗೆ ಎಳೆದು ಹಿಡಿದು, ಬೆರಳಿಗೆ ಬಟ್ಟೆ ಸುತ್ತಿ ಗಂಟಲಿನವರೆಗೆ ಒರೆಸಿದೆ. ನೀರು ಬಂತು, ನೊರೆ ಬಂತು. ಪಕ್ಕೆಯನ್ನು ಅಂಗೈಯಿಂದ ತಟ್ಟಿದೆ. ಇನ್ನಷ್ಟು ನೊರೆ. ಎಚ್ಚರದ ಸೂಜಿ ಆಗಲೇ ಹಾಕಿದರೆ ಅದು ಕೆಮ್ಮಿ ತಾನೇ ಶ್ವಾಸ ಸರಿಮಾಡಿಕೊಳ್ಳುತ್ತಿತ್ತು, ಆದರೆ ಕತ್ತಿನ ವೈರಿನ ಸಮೇತ ಎದ್ದು ಓಡುತ್ತಿತ್ತು, ಮತ್ತೆಂದೂ ಕಂಬಳಿ ಹೊದ್ದವರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ವೈರು ಮೊದಲು ಎಂದುಕೊಂಡೆ. ಈ ಹೊತ್ತಿನಲ್ಲಿ ಅನುಮಾನ ನನಗೆ ಬರುವುದಿಲ್ಲ, ಅದು ಆಮೇಲೆ ಮನೆಗೆ ಹೋಗಿ ಕಾಫಿ ಕುಡಿಯುವಾಗ ಬರುತ್ತದೆ.

ಕಟರ್ ತೆಗೆದು ವೈರಿನ ಕೆಳಗೆ ತೂರಿಸಲು ನೋಡಿದರೆ ಜಾಗವೇ ಇಲ್ಲ. ಹಸಿ ಮಾಂಸವನ್ನು ಬೆರಳಿನಿಂದ ಸರಿಸಬೇಕಾಯಿತು. ಕಂಬಳಿಯ ಅಂಚನ್ನು ಜಿಂಕೆಯ ಕಣ್ಣಿನ ಮೇಲೆ ಹಾಕಿದೆ. ರೈಲಿಗೆ ಹೊರಟಿದ್ದವರು ಏರಿಯ ಮೇಲೆ ಸಾಲಾಗಿ ನಮಗೆ ಬೆನ್ನು ಹಾಕಿ ನಿಂತು, ಬರುವವರನ್ನೆಲ್ಲ ಕೈಸನ್ನೆಯಲ್ಲೇ ಹಿಂದಕ್ಕೆ ಕಳಿಸುತ್ತಿದ್ದರು. ಕುರಿ ಅಕ್ಕ ಎದ್ದು ದೂರ ಹೋಗಿ, ಎರಡೂ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತಿದ್ದಳು. ಒಣಗಿದ ಮೇಲೂ ಒರೆಸಿಕೊಳ್ಳುತ್ತಲೇ ಇದ್ದಳು.

“ನನ್ ಕೈ ಮುಟ್ಬಾರ್ದಿತ್ತು,” ಎಂದಳು. ಯಾರಿಗೆಂದು ಹೇಳಲಿಲ್ಲ.

“ಅಕ್ಕ, ಬಾ ಇಲ್ಲಿ. ಕೊಂಬು ಹಿಡ್ಕೋ.”

“ಬ್ಯಾಡಮ್ಮ.”

“ಬಾ ಅಂದ್ರೆ ಬಾ. ನನಗೆ ಮೂರನೇ ಕೈ ಇಲ್ಲ!”

ಬೈದದ್ದಕ್ಕೆ ಬಂದಳು. ಮಂಡಿಯೂರಿ ಕೊಂಬಿನ ಬುಡ ಹಿಡಿದುಕೊಂಡಳು. ಹಿಡಿತ ಸಡಿಲವಾಗಲಿಲ್ಲ. ಕಟರಿನ ಬಾಯಿ ಕೊನೆಗೂ ಒಳಗೆ ಹೋಯಿತು. ಒತ್ತಿದೆ, ವೈರು ಕಟ್ಟಾಯಿತು. ಸುತ್ತಿದ್ದನ್ನು ಮೆಲ್ಲಗೆ ಬಿಡಿಸಿ ಎಳೆದೆ. ಗಾಯ ತೊಳೆದು, ನೊಣದ ಮುಲಾಮು ಬಳಿದು, ಕೀವಿಗೆ ಒಂದು ಸೂಜಿ ಹಾಕಿ, ತೊಡೆಯ ಕುಚ್ಚು ಕಿತ್ತೆ. ಆಮೇಲೆ ಕಿವಿಯ ನರಕ್ಕೆ ಎಚ್ಚರದ ಮದ್ದು ಏರಿಸಿ, ಕಂಬಳಿ ತೆಗೆದು, ಎಲ್ಲರನ್ನೂ ಹಿಂದೆ ಸರಿಸಿದೆ.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆ ಸ್ವಲ್ಪ ಹೊತ್ತು ನನಗೆ ಇಷ್ಟವಾಗುವುದಿಲ್ಲ, ಎಷ್ಟು ಸಲ ಮಾಡಿದರೂ ಇಷ್ಟವಾಗುವುದಿಲ್ಲ. ಕಿವಿ ಅಲ್ಲಾಡಿತು. ಒಂದು ಕೆಮ್ಮು ಬಂತು, ದೊಡ್ಡದು, ಮೂಗಿನಿಂದ ನೀರು ಚಿಮ್ಮಿತು. ಇನ್ನೊಂದು ಕೆಮ್ಮು. ಮುಂಗಾಲು ಮಡಚಿ ಊರಿತು, ಬಿತ್ತು, ಮತ್ತೆ ಊರಿತು, ಎದ್ದು ನಿಂತಿತು. ನಮ್ಮ ಕಡೆ ನೋಡಿತು. ಕುರಿ ಅಕ್ಕನ ಮಂದೆ ಅಲ್ಲೇ ಹಳ್ಳದಂಚಿನಲ್ಲಿ ಮೇಯುತ್ತಿತ್ತು. ಜಿಂಕೆ ತಲೆ ತಗ್ಗಿಸಿ ಒಂದು ಹಿಡಿ ಹುಲ್ಲು ಕಿತ್ತು ಬಾಯಿಗೆ ಹಾಕಿಕೊಂಡಿತು, ನಮ್ಮೆಲ್ಲರ ಎದುರೇ ಅಗಿಯಿತು, ಆಮೇಲೆ ಏನೋ ನೆನಪಾದಂತೆ ನೆಗೆದು ಏರಿ ದಾಟಿತು. ನಾನು ಮರಳಿನ ಮೇಲೆ ಕುಳಿತುಬಿಟ್ಟೆ. ಅಳು ಬಂತು. ಬರಲಿ ಎಂದು ಬಿಟ್ಟೆ.

ಕುರಿ ಅಕ್ಕ ಜಿಂಕೆ ಹೋದ ದಿಕ್ಕನ್ನೇ ನೋಡುತ್ತಿದ್ದಳು.

“ನಮ್ಮತ್ತೆಗೆ ಬುಟ್ಟೆ, ನಮ್ಮ್ ಯಜಮಾನ್ರಿಗೆ ಬುಟ್ಟೆ, ಊರಾಗೆ ಎಷ್ಟೋ ಜನ್ಕೆ ಬುಟ್ಟೆ,” ಎಂದಳು. “ಒಬ್ರೂ ಎದ್ದಿಲ್ಲ ಕಣಮ್ಮ. ನಾನು ನೀರು ಬುಟ್ಟ ಮ್ಯಾಲೆ ಎದ್ದಿದ್ದು ಇದೊಂದೇ.”

ನಾನು ಕಣ್ಣೊರೆಸಿಕೊಂಡು, ಕತ್ತರಿಸಿದ ವೈರನ್ನು ಸುತ್ತಿ ಬ್ಯಾಗಿಗೆ ಹಾಕಿದೆ. ಆಕೆ ಮರಳಿನಲ್ಲಿ ಬಿದ್ದಿದ್ದ ಬಾಟ್ಲಿ ಎತ್ತಿಕೊಂಡಳು. ತಳದಲ್ಲಿ ನೀರು ಉಳಿದಿತ್ತು. ಸಾಯುವವರ ಬಾಯಿಗೆ ಬಿಟ್ಟು ಮಿಕ್ಕ ನೀರನ್ನು ಇಟ್ಟುಕೊಳ್ಳುವುದಿಲ್ಲ. ಚೆಲ್ಲಲು ಬಾಟ್ಲಿಯನ್ನು ಬಗ್ಗಿಸಿದಳು.

“ಅಕ್ಕ, ಚೆಲ್ಬ್ಯಾಡ,” ಎಂದ ಏರಿಯಿಂದ ಇಳಿದು ಬಂದವನು. ನನ್ನ ಬೈಗುಳದ ಗುರುತು ಹಿಡಿದ, ಆಕೆಯ ಊರಿನವನೇ ಅವನು. ಓಡಿ ಓಡಿ ಮುಖವೆಲ್ಲ ಬೆವರಾಗಿತ್ತು. ಕೈ ಚಾಚಿದ. “ಕೊಡಿಲ್ಲಿ. ಗಂಟ್ಲು ಒಣಗೋಗೈತೆ.”

ಕುರಿ ಅಕ್ಕ ಬಾಟ್ಲಿಯನ್ನು ಹಿಂದಕ್ಕೆ ಎಳೆದುಕೊಂಡಳು. “ಇದು ಬಾಯ್ಗೆ ಬುಟ್ಟ ನೀರು ಕಣ್ಲಾ.”

“ಗೊತ್ತು, ಕೊಡಕ್ಕ. ಅದು ಎದ್ದೋಯ್ತಲ್ಲ.”

ಆಕೆ ಇನ್ನೂ ಕೊಡಲಿಲ್ಲ. ಅವನೇ ಆಕೆಯ ಕೈಯಿಂದ ತೆಗೆದುಕೊಂಡು, ಬಾಟ್ಲಿ ಎತ್ತಿ ಹಿಡಿದು, ಕೊನೆಯ ಹನಿಯವರೆಗೂ ಕುಡಿದ.